ಅಡುಗೆ ಪ್ರಶ್ನೋತ್ತರ: ಎಣ್ಣೆ ಇಳಿಸಿದ ತುರೋನ್, ಗರಿ ಇಳಿಯದ ತುರೋನ್

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತಿಂಡಿಯ ಮೇಲಿವೆ. ಫಿಲಿಪ್ಪೀನ್ಸ್‌ನಲ್ಲಿ ಸಂಜೆ ಹೊತ್ತು ಬೀದಿಬದಿ ಮಾರುವ ತುರೋನ್ ಅದು. ‘ಸಬಾ’ ಎಂಬ ದಪ್ಪ ಗಿಡ್ಡ ಬಾಳೆಹಣ್ಣನ್ನು ಉದ್ದಕ್ಕೆ ಸೀಳಿ, ಪಕ್ಕಕ್ಕೆ ಒಂದೆಳೆ ಹಲಸಿನ ತೊಳೆ ಇಟ್ಟು, ತೆಳು ಮೈದಾ ಹಾಳೆಯಲ್ಲಿ ಸುತ್ತಿ, ಕಂದು ಸಕ್ಕರೆಯೊಂದಿಗೆ ಎಣ್ಣೆಯಲ್ಲಿ ಕರಿಯುತ್ತಾರೆ. ಒಗ್ಗಾಣಿ-ಮಿರ್ಚಿಯ ನಮ್ಮ ಸೀಮೆಯವರಿಗೆ ಕರಿದದ್ದು ಹೊಸದೇನಲ್ಲ. ಆದರೆ ಎಲ್ಲರೂ ಕೇಳಿರುವುದು ಎಣ್ಣೆ ಕಡಿಮೆ ಮಾಡುವ ದಾರಿಯನ್ನು.

ಪ್ರಶ್ನೆ: ಓವನ್‌ನಲ್ಲಿ ಬೇಯಿಸಿದೆ. ಸಕ್ಕರೆ ಕರಗಲೇ ಇಲ್ಲ, ಮೇಲೆ ಮರಳಿನ ಹಾಗೆ ಕೂತಿತ್ತು. ಇನ್ನಷ್ಟು ಹೊತ್ತು ಬಿಟ್ಟರೆ ಹಾಳೆಯ ಅಂಚು ಕರಕಲು. ಎಲ್ಲಿ ತಪ್ಪಿದೆ?
– ಓದುಗರು, ಗಂಗಾವತಿ

ಉತ್ತರ: ತಪ್ಪು ನಿಮ್ಮದಲ್ಲ, ಆ ವಿಧಾನದ್ದು. ಸಕ್ಕರೆ ಕರಗಲು ಸುಮಾರು 180 ಡಿಗ್ರಿ ಸೆಲ್ಸಿಯಸ್ ಬೇಕು. ಬಾಣಲೆಯಲ್ಲಿ ಕಾದ ಎಣ್ಣೆ ಸುತ್ತಲೂ ತಾಗಿ ಆ ಬಿಸಿಯನ್ನು ಬೇಗ ಮುಟ್ಟಿಸುತ್ತದೆ. ಓವನ್‌ನ ಗಾಳಿ ಹಾಗಲ್ಲ, ನಿಧಾನ. ಜೊತೆಗೆ ಹಣ್ಣಿನಿಂದ ಏಳುವ ಹಬೆ ಹಾಳೆಯ ಮೈಯನ್ನು ತಂಪಾಗಿಯೇ ಇಡುತ್ತದೆ. ಹಣ್ಣಿಲ್ಲದ ಅಂಚು ಮಾತ್ರ ಒಣಗಿ ಸೀಯುತ್ತದೆ.

ಹಾಗಾಗಿ ಗರಿ ಓವನ್‌ನಲ್ಲಿ, ಸಕ್ಕರೆ ಒಲೆಯ ಮೇಲೆ ಎಂದು ಕೆಲಸ ಹಂಚಿಬಿಡಿ. 8 ತುರೋನ್‌ಗೆ 4 ಹಣ್ಣು, 8 ಇಂಚಿನ 8 ಸ್ಪ್ರಿಂಗ್ ರೋಲ್ ಹಾಳೆ, 3–4 ಹಲಸಿನ ತೊಳೆ, 4 ಟೀ ಚಮಚ ಎಣ್ಣೆ, 4 ಟೀ ಚಮಚ ಸಕ್ಕರೆ. ಅಂಟಿಗೆ 1 ಚಮಚ ಮೈದಾ, 2 ಚಮಚ ನೀರು. ಸುರುಳಿ ಬಿಗಿಯಾಗಿರಲಿ. ಪ್ರತಿಯೊಂದಕ್ಕೂ ಅರ್ಧ ಚಮಚ ಎಣ್ಣೆಯನ್ನು ಎಲ್ಲ ಮಗ್ಗುಲಿಗೂ ಸವರಿ, ಅಂಟಿಸಿದ ಅಂಚು ಕೆಳಗೆ ಬರುವಂತೆ ಜಾಲರಿಯ ಮೇಲಿಡಿ. ಮೊದಲೇ ಕಾಯಿಸಿದ 200 ಡಿಗ್ರಿ ಓವನ್‌ನ ನಡುವಿನ ಹಂತದಲ್ಲಿ 18–20 ನಿಮಿಷ, 10ನೇ ನಿಮಿಷಕ್ಕೆ ಒಮ್ಮೆ ಮಗುಚಿ. ಏರ್ ಫ್ರೈಯರ್ ಆದರೆ 180 ಡಿಗ್ರಿಯಲ್ಲಿ 10–12 ನಿಮಿಷ ಸಾಕು.

ಹೊರತೆಗೆಯುವ ಹೊತ್ತಿಗೆ ಸಣ್ಣ ದಪ್ಪತಳದ ಪಾತ್ರೆಯಲ್ಲಿ ಸಕ್ಕರೆಗೆ 1 ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಚಮಚದಲ್ಲಿ ತಿರುವಬೇಡಿ, ತಿರುವಿದರೆ ಮತ್ತೆ ಹರಳುಗಟ್ಟುತ್ತದೆ. ಪಾತ್ರೆಯನ್ನೇ ಅಲ್ಲಾಡಿಸಿ. ಜೇನಿನ ಬಣ್ಣ ಬಂದ ಕೂಡಲೇ ಇಳಿಸಿ, ಪ್ರತಿ ತುರೋನ್ ಮೇಲೆ ಎಳೆ ಬಿಡಿ. ಬೇಕಿದ್ದರೆ ಚಿಟಿಕೆ ಎಳ್ಳು. ಒಂದೇ ನಿಮಿಷದಲ್ಲಿ ಗಾಜಿನಂತೆ ಬಿಗಿಯುತ್ತದೆ. ಬಿಸಿ ಪಾಕ ಕೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಮಕ್ಕಳನ್ನು ದೂರವಿಡಿ.

ಲೆಕ್ಕ ಬೇಕಾದವರಿಗೆ: 4 ಚಮಚ ಎಣ್ಣೆ ಎಂದರೆ ಹೆಚ್ಚುಕಡಿಮೆ 18 ಗ್ರಾಂ. ಒಂದು ಗ್ರಾಂಗೆ 9 ಕ್ಯಾಲೊರಿ ಹಿಡಿದರೆ ಒಂದು ತುರೋನ್‌ಗೆ ಎಣ್ಣೆಯಿಂದ ಬರುವುದು 20 ಕ್ಯಾಲೊರಿ. ಕರಿದಾಗ ಎಷ್ಟು ಹೀರುತ್ತದೆ ಎಂದು ನೋಡಬೇಕೆಂದರೆ ಬಾಣಲೆಯ ಎಣ್ಣೆಯನ್ನು ಮೊದಲೊಮ್ಮೆ, ಆರಿದ ಮೇಲೊಮ್ಮೆ ತೂಗಿ. ಮನೆಯ ತಕ್ಕಡಿಯೇ ಹೇಳುತ್ತದೆ. ಈ 4 ಚಮಚವನ್ನೂ ಬಿಡಲು ಹೋಗಬೇಡಿ. ಎಣ್ಣೆಯೇ ಇಲ್ಲದ ಹಾಳೆ ಗರಿಯಾಗುವುದಿಲ್ಲ, ರಟ್ಟಾಗುತ್ತದೆ.

ಪ್ರಶ್ನೆ: ನಮ್ಮನ್ಯಾಗ ಓವನ್ನೂ ಇಲ್ಲ, ಏರ್ ಫ್ರೈಯರ್ರೂ ಇಲ್ರಿ. ಹಂಚಿನ ಮ್ಯಾಲೆ ಮಾಡಾಕ ಬರ್ತೈತೇನ್ರಿ?
– ಓದುಗರು, ಕೊಪ್ಪಳ

ಉತ್ತರ: ಬರ್ತೈತ್ರಿ. ನಮ್ಮನ್ನು ಕೇಳಿದರೆ ಓವನ್‌ಗಿಂತ ಹಂಚಿನದೇ ರುಚಿ. ಹಣ್ಣನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಸೀಳಿ, ಸುರುಳಿಯನ್ನು ದುಂಡಗೆ ಮಾಡದೆ ಚಪ್ಪಟೆಯಾಗಿ ಮಡಚಿ. ದಪ್ಪ ದೋಸೆ ಹಂಚಿಗೆ 4 ತುರೋನ್ ಲೆಕ್ಕದಲ್ಲಿ 2 ಚಮಚ ಎಣ್ಣೆ, ಸಣ್ಣ ಉರಿ, ಅಗಲದ ಎರಡು ಮಗ್ಗುಲು ಮೂರು ಮೂರು ನಿಮಿಷ, ಅಂಚುಗಳನ್ನು ನಿಲ್ಲಿಸಿ ಒಂದೊಂದು ನಿಮಿಷ. ಮುಚ್ಚಳ ಮುಚ್ಚಬೇಡಿ, ಹಬೆಗೆ ಮೆತ್ತಗಾಗುತ್ತದೆ.

ಹೊಂಬಣ್ಣ ಬಂದ ಮೇಲೆ 2 ಚಮಚ ಸಕ್ಕರೆಯನ್ನು ನೇರ ಹಂಚಿನ ಮೇಲೆ ಉದುರಿಸಿ. ಕಾದ ಕಬ್ಬಿಣ ತಾಗಿದ್ದೇ ತಡ, ಸಕ್ಕರೆಯ ಅಂಚು ನೀರಾಗಿ ಮಿನುಗುತ್ತದೆ. ಆಗ ತುರೋನನ್ನು ಅದರ ಮೇಲೆ ಎಳೆದು ಹೊರಳಿಸಿ. ಅರ್ಧ ನಿಮಿಷ, ಅಷ್ಟೇ. ಹೊಗೆ ಕಂಡರೆ ಕಹಿಯಾಯಿತೆಂದೇ ಅರ್ಥ. ಹಂಚಿಗಂಟಿದ ಪಾಕವನ್ನು ಕೆರೆಯುವ ಶ್ರಮ ಬೇಡ, ಬಿಸಿನೀರು ಹಾಕಿಟ್ಟರೆ ತಾನೇ ಬಿಡುತ್ತದೆ.

ಪ್ರಶ್ನೆ: ಸಬಾ ಇಲ್ಲಿ ಸಿಗದು. ಪಚ್ಚಬಾಳೆ ಹಾಕಿದ್ದಕ್ಕೆ ಒಳಗೆಲ್ಲ ಗಂಜಿಯಾಗಿ ಹಾಳೆ ಒಡೆಯಿತು.
– ಓದುಗರು, ಸಿಂಧನೂರು

ಉತ್ತರ: ಪಚ್ಚಬಾಳೆ ತಿನ್ನುವ ಹಣ್ಣು. ಪಿಷ್ಟವೆಲ್ಲ ಸಕ್ಕರೆಯಾಗಿ, ಬಿಸಿ ತಾಗಿದೊಡನೆ ಕರಗುತ್ತದೆ. ಸಬಾ ಅಡುಗೆಯ ಬಾಳೆ; ಹಣ್ಣಾದ ಮೇಲೂ ಪಿಷ್ಟ ಉಳಿದಿರುವುದರಿಂದ ಆಕಾರ ಬಿಡುವುದಿಲ್ಲ. ನಮ್ಮಲ್ಲಿ ಅದಕ್ಕೆ ಹತ್ತಿರದ ನಂಟು ಬೂದುಬಾಳೆ. ಬಾಳೆ ತಳಿಗಳ ವಿಂಗಡಣೆಯಲ್ಲಿ ಎರಡೂ ಎಬಿಬಿ ಎಂಬ ಒಂದೇ ಗುಂಪಿಗೆ ಸೇರಿದವು. ಪಲ್ಯಕ್ಕೆ, ಬಜ್ಜಿಗೆ ಹಸಿರಿರುವಾಗಲೇ ಮಾರುವುದರಿಂದ ಅದರ ಹಣ್ಣನ್ನು ಕಂಡವರೇ ಕಡಿಮೆ. ಕಾಯಿ ತಂದು ಕಾಗದದಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿಡಿ. ಸಿಪ್ಪೆ ಹಳದಿಯಾಗಿ ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು, ಒತ್ತಿದರೆ ತುಸು ಬಗ್ಗಿದಾಗ ತೆಗೆಯಿರಿ. ಪೂರ್ತಿ ಕಪ್ಪಾದರೆ ತಡವಾಯಿತು. ಅದೂ ಸಿಗದಿದ್ದರೆ ನೇಂದ್ರ. ಏಲಕ್ಕಿ ಬಾಳೆಯೇ ಗತಿ ಎಂದಾದರೆ ಇನ್ನೂ ಗಟ್ಟಿಯಿರುವ ಹಣ್ಣನ್ನೇ ಆರಿಸಿ, ಸೀಳದೆ ಇಡಿಯಾಗಿ ಸುತ್ತಿ.

ಒಡೆಯಲು ಇನ್ನೊಂದು ಕಾರಣವಿದೆ. ಹೋಳುಗಳಿಗೆ ಸಕ್ಕರೆ ಹಚ್ಚಿಟ್ಟು ಆಮೇಲೆ ಸುತ್ತುವವರಿದ್ದಾರೆ. ಕಾಲು ಗಂಟೆಯಲ್ಲಿ ಸಕ್ಕರೆ ಹಣ್ಣಿನ ನೀರನ್ನು ಹೊರಗೆಳೆದು ತಟ್ಟೆಯಲ್ಲಿ ಕೆರೆ ಕಟ್ಟಿರುತ್ತದೆ. ಒಳಗೆ ಸಕ್ಕರೆಯೇ ಬೇಡ, ಹಣ್ಣಾದ ಬಾಳೆಯ ಸಿಹಿ ಸಾಕು. ಡಬ್ಬಿಯ ಹಲಸು ಬಳಸಿದರೆ ಪಾಕ ಬಸಿದು ಬಟ್ಟೆಯಲ್ಲಿ ಒತ್ತಿ ಒಣಗಿಸಿ.

ಪ್ರಶ್ನೆ: ಬೇಸಿಗೆಯಲ್ಲಿ ಹಾಳೆ ಸುತ್ತುವಷ್ಟರಲ್ಲಿ ಬಿರಿಯುತ್ತದೆ. ಮನೆಯಲ್ಲೇ ಹಾಳೆ ಮಾಡಬಹುದೇ?
– ಓದುಗರು, ರಾಯಚೂರು

ಉತ್ತರ: ನಿಮ್ಮೂರಿನ ಏಪ್ರಿಲ್ ಗಾಳಿಗೆ ತೆರೆದಿಟ್ಟ ಹಾಳೆ ಐದು ನಿಮಿಷವೂ ತಡೆಯದು. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆ ಹೊದಿಸಿ, ಒಂದೊಂದೇ ಹೊರತೆಗೆಯಿರಿ, ಫ್ಯಾನ್ ಆರಿಸಿ. ಫ್ರೀಜರ್‌ನಿಂದ ತೆಗೆದ ಪೊಟ್ಟಣವನ್ನು ಒಡೆಯದೆಯೇ ಕರಗಲು ಬಿಡಿ.

ಮನೆಯಲ್ಲಿ ಮಾಡಲು 120 ಗ್ರಾಂ ಮೈದಾ, ಚಿಟಿಕೆ ಉಪ್ಪು, 1 ಚಮಚ ಎಣ್ಣೆ, ಸುಮಾರು 65 ಮಿಲಿ ನೀರು. ನಾದಿ ಅರ್ಧ ಗಂಟೆ ಮುಚ್ಚಿಡಿ. 8 ಉಂಡೆ ಮಾಡಿ. ಎರಡೆರಡನ್ನು ಪೂರಿಯಷ್ಟು ತಟ್ಟಿ, ನಡುವೆ ಎಣ್ಣೆ ಸವರಿ ಒಣಹಿಟ್ಟು ಉದುರಿಸಿ ಜೋಡಿಸಿ, 7 ಇಂಚಿಗೆ ಲಟ್ಟಿಸಿ. ಹಂಚಿನ ಮೇಲೆ ಒಂದೊಂದು ಮಗ್ಗುಲು 20 ಸೆಕೆಂಡು, ಚುಕ್ಕೆ ಬೀಳಬಾರದು. ಬಿಸಿಯಿರುವಾಗಲೇ ಎರಡನ್ನೂ ಬಿಡಿಸಿ. ಆರಿದರೆ ಬಿಡಿಸಲು ಬರುವುದಿಲ್ಲ. ಅರ್ಧದಷ್ಟು ಗೋಧಿ ಹಿಟ್ಟು ಬೆರೆಸಬಹುದು. ಪೂರ್ತಿ ಗೋಧಿಯಾದರೆ ತವುಡಿನಿಂದಾಗಿ ತೆಳುವಾದಲ್ಲೆಲ್ಲ ಹರಿಯುತ್ತದೆ.

ಪ್ರಶ್ನೆ: ಜೋಳದ ಹಿಟ್ಟಿನಲ್ಲಿ ಆಗದೇ?
– ಓದುಗರು, ಕುಷ್ಟಗಿ

ಉತ್ತರ: ಆಗದು. ಜೋಳದಲ್ಲಿ ಅಂಟು ಹಿಡಿಯುವ ಗ್ಲುಟೆನ್ ಇಲ್ಲ, ಮಡಚಿದಲ್ಲಿ ಸೀಳುತ್ತದೆ. ಜೋಳವನ್ನು ರೊಟ್ಟಿಗೇ ಬಿಡೋಣ.

ಪ್ರಶ್ನೆ: ಸಕ್ಕರೆ ಬದಲು ಬೆಲ್ಲ ಹಾಕಿದರೆ ಹಗುರವಾಗುತ್ತದೆಯೇ? ಸಕ್ಕರೆ ಕಾಯಿಲೆಯವರು ತಿನ್ನಬಹುದೇ?
– ಓದುಗರು, ಸಿರುಗುಪ್ಪ

ಉತ್ತರ: ಬೆಲ್ಲದ ಕ್ಯಾಲೊರಿ ಸಕ್ಕರೆಯಷ್ಟೇ ಎನ್ನಬಹುದು, ಲಾಭ ಪರಿಮಳದಲ್ಲಿ ಮಾತ್ರ. ಅದು ಸಕ್ಕರೆಗಿಂತ ಬೇಗ ಸೀಯುತ್ತದೆ, ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ. ಮೂರು ಪಾಲು ಸಕ್ಕರೆಗೆ ಒಂದು ಪಾಲು ಬೆಲ್ಲದ ಪುಡಿ ಬೆರೆಸಿದರೆ ಬಣ್ಣವೂ ಬರುತ್ತದೆ, ಗರಿಯೂ ನಿಲ್ಲುತ್ತದೆ.

ಎರಡನೆಯದಕ್ಕೆ ನೇರ ಮಾತು. ಇಲ್ಲಿ ಇಳಿದಿರುವುದು ಎಣ್ಣೆ. ಹಣ್ಣಿನ ಸಿಹಿ, ಮೈದಾದ ಪಿಷ್ಟ ಹಾಗೇ ಇವೆ. ಮೇಲಿನ ಪಾಕ ಒಂದಕ್ಕೆ 2 ಗ್ರಾಂ ಮಾತ್ರ, ಅದನ್ನು ಬಿಟ್ಟರೂ ಹೆಚ್ಚು ವ್ಯತ್ಯಾಸವಾಗದು. ಒಂದು ತಿಂದರೆ ಆ ಹೊತ್ತಿನ ಊಟದಲ್ಲಿ ಅನ್ನ-ರೊಟ್ಟಿ ಎಷ್ಟು ಕಡಿಮೆ ಮಾಡಬೇಕೆಂದು ನಿಮ್ಮ ವೈದ್ಯರನ್ನು ಕೇಳಿ.

ಪ್ರಶ್ನೆ: ಬೆಳಿಗ್ಗೆ ಮಾಡಿ ಸಂಜೆ ನೆಂಟರಿಗೆ ಕೊಡಬಹುದೇ?
– ಓದುಗರು, ಬಳ್ಳಾರಿ

ಉತ್ತರ: ಮಾಡಿಟ್ಟರೆ ಮೆತ್ತಗಾಗುತ್ತದೆ, ಡಬ್ಬಿಯಲ್ಲಿ ಮುಚ್ಚಿದರಂತೂ ಇನ್ನೂ ಬೇಗ. ಬದಲಿಗೆ ಸುತ್ತಿದ ಹಸಿ ತುರೋನ್‌ಗಳನ್ನು ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಜೋಡಿಸಿ ಫ್ರೀಜರ್‌ಗೆ ಹಾಕಿ. ಸಂಜೆ ಕರಗಿಸದೆ ನೇರ ಓವನ್‌ಗಿಡಿ, 5 ನಿಮಿಷ ಹೆಚ್ಚು ಕೊಡಿ. ಪಾಕದ ಎಳೆ ಮಾತ್ರ ನೆಂಟರು ಕೂತ ಮೇಲೆ.