ಹೆಲಿಕಾಪ್ಟರ್ ಕಲಿಯುವಾಗ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಸೆಟ್ ಹಾಕಬಹುದಾ?

ಪ್ರಶ್ನೆ: ನಮ್ಮೂರು ಗುಬ್ಬಿ ಹತ್ತಿರ. ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಶುರುವಾದಾಗಿನಿಂದ ಪೈಲಟ್ ಆಗುವ ಆಸೆ. ಸದ್ಯದಲ್ಲೇ ತರಬೇತಿಗೆ ಸೇರುತ್ತಿದ್ದೇನೆ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಸೆಟ್ ಹಾಕಿ ಕಲಿತರೆ ಇಂಜಿನ್ ಸದ್ದಿನ ಅಂದಾಜೇ ಸಿಗಲ್ಲ ಅಂತ ಸೀನಿಯರ್ ಒಬ್ಬರು ಹೆದರಿಸಿದ್ದಾರೆ. ನಿಜವಾ ಸರ್? ಹಾಡು ಕೇಳುವ ಹೆಡ್‌ಫೋನ್ ಮನೆಯಲ್ಲಿದೆ, ಅದು ನಡೆಯುತ್ತಾ?

ಉತ್ತರ: ಹಾಡು ಕೇಳುವುದು ಮನೆಯಲ್ಲೇ ಇರಲಿ. ಅದಕ್ಕೆ ತುಟಿ ಹತ್ತಿರ ಬರುವ ಮೈಕ್ ಇಲ್ಲ, ಇಂಟರ್‌ಕಾಮ್‌ಗೆ ಸಿಕ್ಕಿಸುವ ಪಿನ್ನೂ ಇಲ್ಲ.

ಸೀನಿಯರ್ ಮಾತು ಅರ್ಧ ಸರಿ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಸೆಟ್‌ನಲ್ಲಿ ಕಿವಿ ಮುಚ್ಚುವ ಕಪ್ಪಿನೊಳಗೆ ಪುಟ್ಟ ಮೈಕ್ ಇರುತ್ತದೆ. ಬಂದ ಸದ್ದಿಗೆ ಉಲ್ಟಾ ಅಲೆ ಹುಟ್ಟಿಸಿ ಅದನ್ನು ತಗ್ಗಿಸುತ್ತದೆ. ಇದು ಚೆನ್ನಾಗಿ ಕೆಲಸ ಮಾಡುವುದು ರೋಟರಿನ (ತಲೆ ಮೇಲೆ ತಿರುಗುವ ರೆಕ್ಕೆ) ದಬದಬ, ಇಂಜಿನ್ನಿನ ಗುಡುಗು ಇಂಥ ತಗ್ಗು ಸದ್ದಿನ ಮೇಲೆ. ಗೇರ್‌ಬಾಕ್ಸಿನ ಕೀರಲು ಸದ್ದನ್ನು ತಡೆಯುವುದು ಕಿವಿ ಮುಚ್ಚುವ ಆ ಕಪ್ ಮತ್ತು ಅದರ ಮೆತ್ತೆ. ಅದು ಮಾಮೂಲಿ ಹೆಡ್‌ಸೆಟ್‌ನಲ್ಲೂ ಇದ್ದದ್ದೇ. ಹಾಗಾಗಿ ಸದ್ದು ಪೂರ್ತಿ ಮಾಯವಾಗುವುದಿಲ್ಲ, ಬೇರೆ ಥರ ಕೇಳುತ್ತದೆ ಅಷ್ಟೇ. ಆ ಬೇರೆ ಥರಕ್ಕೆ ನಿಮ್ಮ ಕಿವಿ ಪಳಗಬೇಕು.

ಎಲ್ಲಕ್ಕಿಂತ ಮುಖ್ಯ, ರೋಟರ್ ವೇಗ ಇಳಿದಾಗ ಕೂಗುವ ಹಾರ್ನ್. ತರಬೇತಿಯಲ್ಲಿ ಜಾಸ್ತಿ ಬಳಸುವ ರಾಬಿನ್ಸನ್ ಆರ್22, ಆರ್44 ಹೆಲಿಕಾಪ್ಟರ್‌ಗಳಲ್ಲಿ ಆರ್‌ಪಿಎಂ (ರೋಟರ್ ತಿರುಗುವ ವೇಗ) ಸುಮಾರು 97%ಕ್ಕೆ ಇಳಿದಾಗ ಇದು ಕೂಗುತ್ತದೆ, ದೀಪವೂ ಹೊತ್ತುತ್ತದೆ. ಆರ್22ರ ರೋಟರ್ ಹಗುರ, ವೇಗ ಬೇಗ ಬಿದ್ದುಹೋಗುತ್ತದೆ. ತಡಮಾಡುವಂತಿಲ್ಲ. ಏಳುವ ಮುಂಚೆ ನೆಲದ ಮೇಲೇ ಕಲೆಕ್ಟಿವ್ (ಹೆಲಿಕಾಪ್ಟರನ್ನು ಏರಿಸಿ ಇಳಿಸುವ ಹಿಡಿ) ತುಸು ಎತ್ತಿ, ಆರ್‌ಪಿಎಂ ಇಳಿಸಿ ಈ ಹಾರ್ನ್ ಪರೀಕ್ಷಿಸುತ್ತಾರೆ. ಇನ್‌ಸ್ಟ್ರಕ್ಟರ್‌ಗೆ ಹೇಳಿ, ಹೆಡ್‌ಸೆಟ್‌ನ ನಾಯ್ಸ್ ಕ್ಯಾನ್ಸಲಿಂಗ್ ಸ್ವಿಚ್ ಒಮ್ಮೆ ಆನ್ ಇಟ್ಟು, ಒಮ್ಮೆ ಆಫ್ ಮಾಡಿ ಕೇಳಿಸಿಕೊಳ್ಳಿ. ಎರಡರಲ್ಲೂ ಸ್ಪಷ್ಟವಾಗಿ ಕೇಳಿದರೆ ಸೀನಿಯರ್ ಭಯ ಅಲ್ಲಿಗೆ ಮುಗಿಯಿತು.

ನನ್ನನ್ನು ಕೇಳಿದರೆ, ಹಾಕಿಕೊಳ್ಳಿ. ಕಿವಿ ಹೋದರೆ ವಾಪಸ್ ಬರಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅಂತ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಸಮಯ ಅರ್ಧ ಆಗುತ್ತದೆ. ಸಣ್ಣ ಹೆಲಿಕಾಪ್ಟರಿನೊಳಗೆ ಸದ್ದು 90 ದಾಟುವುದು ಮಾಮೂಲು. ವೃತ್ತಿಪರ ಪೈಲಟ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1 ಮೆಡಿಕಲ್‌ನಲ್ಲಿ ಕಿವಿ ಪರೀಕ್ಷೆ ಇದೆ, ಗೊತ್ತಲ್ವಾ? ಗುಡುಗು ಕಮ್ಮಿಯಾದರೆ ಇನ್‌ಸ್ಟ್ರಕ್ಟರ್ ಮಾತೂ ತಿಳಿಯಾಗಿ ಕೇಳುತ್ತದೆ. ಹೊಸಬರಿಗೆ ಅದೇ ದೊಡ್ಡ ಉಪಕಾರ.

ದುಡ್ಡು ಕೊಡುವ ಮುಂಚೆ ಪಿನ್ ನೋಡಿ. ಹೆಲಿಕಾಪ್ಟರಿಗೆ ಸಾಮಾನ್ಯವಾಗಿ ಯು-174 ಅನ್ನುವ ಒಂಟಿ ಪಿನ್, ಸಣ್ಣ ವಿಮಾನಕ್ಕೆ ಎರಡು ಪಿನ್. ಆತುರ ಬೇಡ. ಸದ್ಯಕ್ಕೆ ದುಡ್ಡಿಲ್ಲದಿದ್ದರೆ ಒಳ್ಳೆಯ ಮಾಮೂಲಿ ಹೆಡ್‌ಸೆಟ್ ಸಾಕು, ಒಳಗೆ ಸ್ಪಂಜಿನ ಇಯರ್‌ಪ್ಲಗ್ ಹಾಕಿ. ಕನ್ನಡಕದವರಾದರೆ ಕಡ್ಡಿ ತೆಳ್ಳಗಿರಲಿ, ದಪ್ಪ ಕಡ್ಡಿ ಮೆತ್ತೆಯನ್ನು ಎತ್ತಿ ಸದ್ದು ಒಳಗೆ ಬಿಡುತ್ತದೆ.

ಹೆಡ್‌ಸೆಟ್ ಬ್ಯಾಟರಿ ವಿಷಯ ಮರೆಯಬೇಡಿ. ಹಾರಾಟದ ಮಧ್ಯೆ ಅದು ಖಾಲಿಯಾದರೆ ಸದ್ದು ದಢಕ್ಕನೆ ನುಗ್ಗುತ್ತದೆ, ಹೊಸಬರು ಇಂಜಿನ್ನೇ ಕೆಟ್ಟಿತು ಅಂದುಕೊಳ್ಳುತ್ತಾರೆ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದಾಗ, ಅವರಿಗೆ ಹೇಳಿ, ನೀವೇ ಒಮ್ಮೆ ನಾಯ್ಸ್ ಕ್ಯಾನ್ಸಲಿಂಗ್ ಆಫ್ ಮಾಡಿ ನೋಡಿ. ಇನ್ನೊಂದು ಜೊತೆ ಸೆಲ್ ಬ್ಯಾಗಿನಲ್ಲಿರಲಿ.