ಅಪ್‌ಡೇಟ್ ಆಯ್ತು, ಮಾಡಿದ್ದೆಲ್ಲ ಹೋಯ್ತು: ವೆಬ್‌ಸೈಟ್ ಥೀಮ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದೆ. ಅರ್ಧಕ್ಕಿಂತ ಜಾಸ್ತಿ ಜನ ಕೇಳಿರುವುದು ಒಂದೇ ವಿಷಯ: ಥೀಮ್, ಅಂದರೆ ಸೈಟ್‌ನ ನೋಟವನ್ನು ನಿರ್ಧರಿಸುವ ಫೈಲ್‌ಗಳ ಕಟ್ಟು, ಅಪ್‌ಡೇಟ್ ಆದಾಗ ಅದರಲ್ಲಿ ಮಾಡಿದ್ದೆಲ್ಲ ಹೋಗುವುದು. ಮಾತು ಬೇರೆ, ಸಂಕಟ ಒಂದೇ. ಹೋದ ವರ್ಷವೂ ಇದೇ ಕೇಳಿದ್ದರು, ಅದರ ಹಿಂದಿನ ವರ್ಷವೂ ಇದೇ. ಹಾಗಾಗಿ ಈ ಬಾರಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಹೋಸ್ಟಿಂಗ್ ತೆಗೆದುಕೊಳ್ಳುವುದು, ವರ್ಡ್‌ಪ್ರೆಸ್ ಹಾಕುವುದು, ಲಾಗಿನ್ ಆಗುವುದು ಇವನ್ನೆಲ್ಲ ನಾನು ಹೇಳುವುದಿಲ್ಲ. ಅಷ್ಟು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ಹೋಂಸ್ಟೇ ಸೈಟ್‌ಗೆ ಟ್ವೆಂಟಿ ಟ್ವೆಂಟಿ-ಒನ್ ಥೀಮ್ ಹಾಕಿದ್ದೆ. ಥೀಮ್ ಫೈಲ್ ಎಡಿಟರ್‌ಗೆ ಹೋಗಿ ಬಣ್ಣ, ಅಕ್ಷರದ ಗಾತ್ರ, ಹೆಡರ್‌ನಲ್ಲಿ ಫೋನ್ ನಂಬರ್ ಎಲ್ಲಾ ಬದಲಾಯಿಸಿದ್ದೆ. ಎರಡು ತಿಂಗಳ ಕೆಲಸ. ನಿನ್ನೆ ನೋಡಿದರೆ ಸೈಟ್ ಮೊದಲ ದಿನ ಇದ್ದ ಹಾಗೇ ಆಗಿದೆ. ನಾನು ಅಪ್‌ಡೇಟ್ ಒತ್ತಿಯೇ ಇಲ್ಲ. ಯಾರಾದರೂ ಹ್ಯಾಕ್ ಮಾಡಿದ್ದಾರಾ? ಇನ್ನು ಮೇಲೆ ಅಪ್‌ಡೇಟ್ ಪೂರ್ತಿ ನಿಲ್ಲಿಸಿಬಿಡಲಾ?

ಯಾರೂ ಹ್ಯಾಕ್ ಮಾಡಿಲ್ಲ. ನೀವು ಒತ್ತದಿದ್ದರೂ ಅಪ್‌ಡೇಟ್ ತಾನಾಗಿಯೇ ಆಗಿದೆ. 2020ರ ಆಗಸ್ಟ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.5ರಿಂದ ಪ್ರತಿ ಥೀಮ್‌ಗೂ ಆಟೋ ಅಪ್‌ಡೇಟ್ ಅನ್ನುವ ಆಯ್ಕೆ ಇದೆ. ನೀವೋ, ನಿಮಗೆ ಸೈಟ್ ಮಾಡಿಕೊಟ್ಟವರೋ ಅದನ್ನು ಆನ್ ಮಾಡಿರುತ್ತೀರಿ. ಕೆಲವು ಹೋಸ್ಟಿಂಗ್‌ನವರೇ ಆನ್ ಮಾಡಿ ಕೊಡುತ್ತಾರೆ.

ಅಪ್‌ಡೇಟ್ ಅಂದರೆ ನಿಮ್ಮ ಫೈಲ್‌ನಲ್ಲಿ ಎರಡು ಸಾಲು ತಿದ್ದುವುದಲ್ಲ. ಹಳೆಯ ಥೀಮ್ ಫೋಲ್ಡರ್ ಅನ್ನು ಪೂರ್ತಿ ತೆಗೆದು, ಆ ಜಾಗಕ್ಕೆ ಹೊಸ ಫೋಲ್ಡರ್ ತಂದು ಇಡುವುದು. ನೀವು ಬರೆದ ಸಾಲುಗಳು ಆ ಹಳೆಯ ಫೋಲ್ಡರ್‌ನಲ್ಲಿದ್ದವು, ಅದರ ಜೊತೆಗೇ ಹೋದವು. ಥೀಮ್ ಫೋಲ್ಡರ್ ನಿಮ್ಮದಲ್ಲ, ಅದನ್ನು ಬರೆದವರದ್ದು. ಬಾಡಿಗೆ ಮನೆ ಗೋಡೆಗೆ ಚಿತ್ರ ಬಿಡಿಸಿದ ಹಾಗೆ. ಮನೆಯವರು ಸುಣ್ಣ ಬಳಿಸಿದ ದಿನ ಚಿತ್ರ ಹೋಗುತ್ತದೆ.

ಮೊದಲು ಹೋದದ್ದನ್ನು ವಾಪಸ್ ತರುವ ಮಾತು. ಇದನ್ನು ಇವತ್ತೇ ಮಾಡಿ, ನಾಳೆಗೆ ಇಡಬೇಡಿ. ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬ್ಯಾಕಪ್ ಇದೆಯಾ ನೋಡಿ. ಕಾಣದಿದ್ದರೆ ಅವರಿಗೆ ಫೋನ್ ಮಾಡಿ. ಬ್ಯಾಕಪ್‌ಗಳು ತುಂಬಾ ದಿನ ಉಳಿಯುವುದಿಲ್ಲ, ಹೊಸದು ಬಂದ ಹಾಗೆ ಹಳೆಯದು ಅಳಿಯುತ್ತದೆ. ಇಡೀ ಸೈಟ್ ರಿಸ್ಟೋರ್ ಮಾಡಿ ಅನ್ನಬೇಡಿ, ಈಚೆಗೆ ಬಂದ ಬುಕಿಂಗ್ ಎಲ್ಲಾ ಹೋಗುತ್ತದೆ. ಡಬ್ಲ್ಯುಪಿ-ಕಂಟೆಂಟ್ ಒಳಗೆ ಥೀಮ್ಸ್, ಅದರೊಳಗೆ ನಿಮ್ಮ ಥೀಮ್ ಹೆಸರಿನ ಫೋಲ್ಡರ್. ಅದೊಂದನ್ನೇ ಕೇಳಿ ತೆಗೆದುಕೊಳ್ಳಿ, ನಿಮ್ಮ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ.

ಬ್ಯಾಕಪ್ ಇಲ್ಲ ಅಂದರೂ ಇನ್ನೆರಡು ದಾರಿ ಇವೆ. ಸೈಟ್ ಬೇಗ ತೆರೆಯಲಿ ಅಂತ ಪುಟಗಳ ಪ್ರತಿ ಮಾಡಿಟ್ಟುಕೊಳ್ಳುವ ಕ್ಯಾಶ್ ಪ್ಲಗಿನ್ ಹಾಕಿದ್ದರೆ, ಡಬ್ಲ್ಯುಪಿ-ಕಂಟೆಂಟ್ ಒಳಗಿನ ಕ್ಯಾಶ್ ಫೋಲ್ಡರ್‌ನಲ್ಲಿ ನಿಮ್ಮ ಹಳೆಯ ಸಿಎಸ್‌ಎಸ್‌ನ, ಅಂದರೆ ಬಣ್ಣ, ಗಾತ್ರ ಹೇಳುವ ಸಾಲುಗಳ ಪ್ರತಿ ಉಳಿದಿರಬಹುದು. ಅದಕ್ಕೇ ಹೇಳುವುದು, ಗಾಬರಿಯಲ್ಲಿ ಕ್ಲಿಯರ್ ಕ್ಯಾಶ್ ಒತ್ತಬೇಡಿ ಅಂತ. ಎರಡನೆಯದು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ನಿಮ್ಮ ಸೈಟ್ ವಿಳಾಸ ಹಾಕಿ ನೋಡಿ. ಅದು ಯಾವತ್ತಾದರೂ ನಿಮ್ಮ ಪುಟವನ್ನು ತೆಗೆದಿಟ್ಟುಕೊಂಡಿದ್ದರೆ, ಜೊತೆಗೆ ಸಿಎಸ್‌ಎಸ್ ಕೂಡ ಸಿಗುವ ಸಾಧ್ಯತೆ ಜಾಸ್ತಿ. ಪುಟವನ್ನು ಕಟ್ಟುವ ಪಿಎಚ್‌ಪಿ ಕೋಡ್ ಮಾತ್ರ ಸಿಗುವುದಿಲ್ಲ, ಅದು ಸರ್ವರ್ ಬಿಟ್ಟು ಹೊರಗೆ ಬರುವುದೇ ಇಲ್ಲ.

ಈಗ ಮತ್ತೆ ಎಲ್ಲಿ ಬರೆಯಬೇಕು ಅನ್ನುವುದು. ಚೈಲ್ಡ್ ಥೀಮ್ ಮಾಡಿ ಅಂತ ಎಲ್ಲರೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೂಲ ಥೀಮ್ ಅನ್ನು ತಾಯಿಯಾಗಿ ಇಟ್ಟುಕೊಂಡು, ನಿಮ್ಮ ಬದಲಾವಣೆಗಳನ್ನು ಮಾತ್ರ ಬೇರೆ ಫೋಲ್ಡರ್‌ನಲ್ಲಿ ಇಡುವ ಥೀಮ್ ಅದು. ನಾನು ಹಾಗೆ ಹೇಳುವುದಿಲ್ಲ. ನನ್ನ ಹತ್ತಿರ ಬರುವ ಹೆಚ್ಚಿನವರಿಗೆ ಅದು ಬೇಕಾಗಿಯೇ ಇರುವುದಿಲ್ಲ. ನೀವು ಮಾಡಿದ್ದು ಬಣ್ಣ, ಗಾತ್ರ, ಅಂತರ ಅಷ್ಟೇ ಆಗಿದ್ದರೆ, ಅಪಿಯರೆನ್ಸ್‌ನಲ್ಲಿ ಕಸ್ಟಮೈಸ್, ಅದರಲ್ಲಿ ಅಡಿಷನಲ್ ಸಿಎಸ್‌ಎಸ್. 2016ರ ಡಿಸೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 4.7ರಿಂದಲೂ ಇದು ಇದೆ. ಅಲ್ಲಿ ಬರೆದದ್ದು ಡೇಟಾಬೇಸ್‌ನಲ್ಲಿ ಕೂರುತ್ತದೆ, ಥೀಮ್ ಫೋಲ್ಡರ್‌ನಲ್ಲಿ ಅಲ್ಲ. ಥೀಮ್ ಎಷ್ಟು ಸಲ ಅಪ್‌ಡೇಟ್ ಆದರೂ ಅದಕ್ಕೆ ಏನೂ ಆಗುವುದಿಲ್ಲ. ಆದರೆ ಒಂದು ತಿಳಿದಿರಿ: ಅದು ಆ ಥೀಮ್‌ಗೆ ಮಾತ್ರ. ಬೇರೆ ಥೀಮ್‌ಗೆ ಹೋದರೆ ಆ ಪೆಟ್ಟಿಗೆ ಖಾಲಿ ಕಾಣುತ್ತದೆ. ಹಳೆಯ ಥೀಮ್‌ಗೆ ಬಂದರೆ ಮತ್ತೆ ಸಿಗುತ್ತದೆ.

ಹೆಡರ್‌ನಲ್ಲಿ ಫೋನ್ ನಂಬರ್ ಹಾಕಿದ್ದೀರಲ್ಲ, ಅದಕ್ಕೆ ಮಾತ್ರ ಚೈಲ್ಡ್ ಥೀಮ್ ಬೇಕು. ಥೀಮ್ಸ್ ಫೋಲ್ಡರ್‌ನಲ್ಲಿ ಹೊಸ ಫೋಲ್ಡರ್ ಮಾಡಿ. ಅದರಲ್ಲಿ ಸ್ಟೈಲ್ ಡಾಟ್ ಸಿಎಸ್‌ಎಸ್ ಅನ್ನುವ ಫೈಲ್ ಇಡಿ. ಅದರ ತಲೆಯಲ್ಲಿ ಕಾಮೆಂಟ್ ಒಳಗೆ ಎರಡು ಸಾಲು ಸಾಕು. ಥೀಮ್ ನೇಮ್, ಅದು ನಿಮಗೆ ಬೇಕಾದ ಹೆಸರು. ಇನ್ನೊಂದು ಟೆಂಪ್ಲೇಟ್. ಹತ್ತರಲ್ಲಿ ಎಂಟು ಜನ ಎಡವುವುದು ಈ ಟೆಂಪ್ಲೇಟ್ ಸಾಲಿನಲ್ಲಿ. ಅಲ್ಲಿ ಬರೆಯಬೇಕಾದ್ದು ತಾಯಿ ಥೀಮ್‌ನ ಹೆಸರಲ್ಲ, ಅದರ ಫೋಲ್ಡರ್ ಹೆಸರು. ಡ್ಯಾಶ್‌ಬೋರ್ಡ್‌ನಲ್ಲಿ ಟ್ವೆಂಟಿ ಟ್ವೆಂಟಿ-ಒನ್ ಅಂತ ಜಾಗ ಬಿಟ್ಟು, ಗೀಟು ಹಾಕಿ, ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಫೋಲ್ಡರ್‌ನಲ್ಲಿ ಅದು ಜಾಗವಿಲ್ಲದೆ, ಗೀಟಿಲ್ಲದೆ, ಎಲ್ಲಾ ಸಣ್ಣ ಅಕ್ಷರದಲ್ಲಿ ಒಂದೇ ಪದ. ಅದನ್ನೇ ಬರೆಯಿರಿ. ಇಲ್ಲದಿದ್ದರೆ ಪೇರೆಂಟ್ ಥೀಮ್ ಇಲ್ಲ ಅಂತ ವರ್ಡ್‌ಪ್ರೆಸ್ ಹಟ ಹಿಡಿಯುತ್ತದೆ.

ಟ್ವೆಂಟಿ ಟ್ವೆಂಟಿ-ಒನ್ ತನ್ನ ಸ್ಟೈಲ್ ಫೈಲ್ ಅನ್ನು ಮಾತ್ರ ತಾನೇ ಕರೆದುಕೊಳ್ಳುತ್ತದೆ. ನಿಮ್ಮ ಚೈಲ್ಡ್ ಥೀಮ್‌ನ ಸ್ಟೈಲ್ ಫೈಲ್ ಅನ್ನು ನೀವೇ ಫಂಕ್ಷನ್ಸ್ ಡಾಟ್ ಪಿಎಚ್‌ಪಿಯಿಂದ ಕರೆಯಬೇಕು. ನಾಲ್ಕು ಸಾಲಿನ ಕೆಲಸ, ವರ್ಡ್‌ಪ್ರೆಸ್‌ನ ಡೆವಲಪರ್ ಹ್ಯಾಂಡ್‌ಬುಕ್‌ನಲ್ಲೇ ಇದೆ. ಹಳೆಯ ವಿಡಿಯೋಗಳಲ್ಲಿ ಇಂಪೋರ್ಟ್ ಸಾಲು ಹಾಕಿ ಅನ್ನುತ್ತಾರೆ, ಅದನ್ನು ಬಿಡಿ. ಸೈಟ್ ನಿಧಾನವಾಗುತ್ತದೆ. ಮತ್ತೆ ತಾಯಿ ಥೀಮ್‌ನ ಫಂಕ್ಷನ್ಸ್ ಫೈಲ್ ಅನ್ನು ಹಾಗೇ ನಕಲು ಮಾಡಿ ಇಲ್ಲಿ ಇಡಬೇಡಿ. ಬೇರೆ ಫೈಲ್‌ಗಳಲ್ಲಿ ನಿಮ್ಮದು ಇದ್ದರೆ ತಾಯಿಯದ್ದನ್ನು ಓದುವುದಿಲ್ಲ. ಆದರೆ ಫಂಕ್ಷನ್ಸ್ ಫೈಲ್ ಎರಡೂ ಓಡುತ್ತವೆ, ಮೊದಲು ನಿಮ್ಮದು, ಆಮೇಲೆ ತಾಯಿಯದ್ದು. ಒಂದೇ ಹೆಸರಿನ ಫಂಕ್ಷನ್ ಎರಡು ಸಲ ಬಂದರೆ ಸೈಟ್ ಅಲ್ಲೇ ನಿಂತುಹೋಗುತ್ತದೆ.

ಈ ತಾಯಿ ಥೀಮ್‌ನಲ್ಲಿ ಹೆಡರ್‌ನ ನಿಜವಾದ ತುಂಡು ಹೆಡರ್ ಡಾಟ್ ಪಿಎಚ್‌ಪಿಯಲ್ಲಿ ಇಲ್ಲ. ಟೆಂಪ್ಲೇಟ್-ಪಾರ್ಟ್ಸ್ ಫೋಲ್ಡರ್, ಅದರೊಳಗೆ ಹೆಡರ್ ಫೋಲ್ಡರ್, ಅದರಲ್ಲಿದೆ. ನಕಲು ಮಾಡುವಾಗ ಚೈಲ್ಡ್ ಥೀಮ್‌ನಲ್ಲೂ ಅದೇ ಒಳಫೋಲ್ಡರ್, ಅದೇ ಹೆಸರು ಇರಲಿ. ತಿದ್ದಬೇಕಾದ ಫೈಲ್ ಒಂದನ್ನೇ ನಕಲು ಮಾಡಿ. ಇರಲಿ ಅಂತ ಹತ್ತು ಫೈಲ್ ತಂದು ಇಟ್ಟರೆ, ನಾಳೆ ಥೀಮ್‌ನವರು ಆ ಹತ್ತರಲ್ಲಿ ಏನು ಸರಿಪಡಿಸಿದರೂ ನಿಮಗೆ ತಲುಪುವುದಿಲ್ಲ.

ಚೈಲ್ಡ್ ಥೀಮ್ ಆಕ್ಟಿವೇಟ್ ಮಾಡಿದ ಕೂಡಲೇ ಲೋಗೋ ಮಾಯವಾಗಬಹುದು, ಬಣ್ಣ ಬದಲಾಗಬಹುದು. ಹೆದರಬೇಡಿ. ಕಸ್ಟಮೈಸ್‌ನಲ್ಲಿ ಕೊಟ್ಟ ಇಂಥ ಆಯ್ಕೆಗಳನ್ನು ವರ್ಡ್‌ಪ್ರೆಸ್ ಥೀಮ್‌ಗೆ ಕಟ್ಟಿ ಇಡುತ್ತದೆ. ಅದರ ಕಣ್ಣಿಗೆ ಚೈಲ್ಡ್ ಥೀಮ್ ಬೇರೆಯೇ ಥೀಮ್. ಆದ್ದರಿಂದ ಬದಲಾಯಿಸುವ ಮೊದಲು ಅಡಿಷನಲ್ ಸಿಎಸ್‌ಎಸ್‌ನಲ್ಲಿ ಇದ್ದದ್ದನ್ನು ನೋಟ್‌ಪ್ಯಾಡ್‌ಗೆ ಹಾಕಿಕೊಳ್ಳಿ, ಪ್ರತಿ ಸೆಟ್ಟಿಂಗ್‌ನ ಫೋಟೋ ಫೋನ್‌ನಲ್ಲಿ ತೆಗೆದುಕೊಳ್ಳಿ. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

ಅಪ್‌ಡೇಟ್ ನಿಲ್ಲಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹಳೆಯ ಥೀಮ್‌ನಲ್ಲಿ ಎಲ್ಲಿ ತೂತಿದೆ ಅನ್ನುವುದು ಅಪ್‌ಡೇಟ್ ಬಂದ ದಿನ ಎಲ್ಲರಿಗೂ ಗೊತ್ತಾಗುತ್ತದೆ. ಅದನ್ನೇ ಹುಡುಕಿಕೊಂಡು ಬಾಟ್‌ಗಳು ಊರೂರು ತಿರುಗುತ್ತವೆ. ನಿಮ್ಮ ಹೋಂಸ್ಟೇ ಸಣ್ಣದು ಅಂತ ಅವು ಬಿಡುವುದಿಲ್ಲ.

ಕೊನೆಗೆ ಆ ಥೀಮ್ ಫೈಲ್ ಎಡಿಟರ್. ನಾನು ಮಾಡುವ ಪ್ರತಿ ಸೈಟ್‌ನಲ್ಲೂ ಅದನ್ನು ಮುಚ್ಚಿಬಿಡುತ್ತೇನೆ. ಡಬ್ಲ್ಯುಪಿ-ಕಾನ್ಫಿಗ್ ಫೈಲ್‌ನಲ್ಲಿ ಡಿಸ್‌ಅಲೌ ಫೈಲ್ ಎಡಿಟ್ ಅನ್ನುವುದನ್ನು ಟ್ರೂ ಮಾಡಿದರೆ ಆಯಿತು, ಮೆನುವಿನಿಂದಲೇ ಹೋಗುತ್ತದೆ. ತುಂಬಾ ಹಿಂದೆ ಒಂದು ಶಾಲೆಯ ಸೈಟ್‌ನಲ್ಲಿ, ಫಲಿತಾಂಶ ಹಾಕುವ ದಿನ, ಅದೇ ಎಡಿಟರ್‌ನಲ್ಲಿ ಫಂಕ್ಷನ್ಸ್ ಫೈಲ್ ತಿದ್ದಿದ್ದೆ. ಒಂದು ಸೆಮಿಕೋಲನ್ ಬಿಟ್ಟುಹೋಯಿತು. ಇಡೀ ಸೈಟ್ ಬಿಳಿ ಹಾಳೆ. ಡ್ಯಾಶ್‌ಬೋರ್ಡ್ ಕೂಡ ತೆರೆಯಲಿಲ್ಲ, ಹಾಗಾಗಿ ತಪ್ಪನ್ನು ವಾಪಸ್ ತಿದ್ದುವುದಕ್ಕೂ ದಾರಿ ಇರಲಿಲ್ಲ. ಸರ್ವರ್‌ನ ಫೈಲ್‌ಗಳನ್ನು ನೇರವಾಗಿ ತೆರೆಯಲು ಬೇಕಾದ ಎಫ್‌ಟಿಪಿ ಪಾಸ್‌ವರ್ಡ್ ಹುಡುಕಿ ತರುವ ಹೊತ್ತಿಗೆ ಸಂಜೆಯಾಗಿತ್ತು. ಅಷ್ಟು ಹೊತ್ತು ಮಕ್ಕಳು, ತಂದೆ ತಾಯಿ ಕಾದರು. 2017ರ 4.9ರಿಂದ ಇಂಥ ತಪ್ಪನ್ನು ವರ್ಡ್‌ಪ್ರೆಸ್ ತಾನೇ ಹಿಡಿದು, ಉಳಿಸದೆ ಎಚ್ಚರಿಸುತ್ತದೆ. ಆದರೂ ನನಗೆ ಆ ಎಡಿಟರ್ ಬೇಡ. ನಿಮಗೂ ಬೇಡ.

ಪ್ರಶ್ನೆ: ದುಡ್ಡು ಕೊಟ್ಟು ತೆಗೆದುಕೊಂಡ ಥೀಮ್‌ನ ಜಿಪ್ ಅಪ್‌ಲೋಡ್ ಮಾಡಿದರೆ ಸ್ಟೈಲ್‌ಶೀಟ್ ಇಲ್ಲ ಅನ್ನುತ್ತದೆ. ಮೋಸ ಮಾಡಿದ್ದಾರಾ?

ಇಲ್ಲ. ಆ ಜಿಪ್ ಒಳಗೆ ಇನ್ನೊಂದು ಜಿಪ್ ಇದೆ. ಬಿಚ್ಚಿ, ಒಳಗಿನದನ್ನು ಅಪ್‌ಲೋಡ್ ಮಾಡಿ.

ಪ್ರಶ್ನೆ: ಏಳೆಂಟು ಸಾವಿರದ ಪ್ರೀಮಿಯಂ ಥೀಮ್ ಅನ್ನು ನಮ್ಮ ಹುಡುಗ ಟೆಲಿಗ್ರಾಂ ಗುಂಪಿನಿಂದ ಫ್ರೀಯಾಗಿ ತಂದು ಹಾಕಿದ್ದಾನೆ. ಆರು ತಿಂಗಳಿಂದ ಚೆನ್ನಾಗಿಯೇ ಓಡುತ್ತಿದೆ. ತೊಂದರೆ ಇದೆಯಾ?

ಇದೆ. ನಲ್ಡ್ ಥೀಮ್ ಅನ್ನುವುದು ಇದನ್ನೇ. ಚೆನ್ನಾಗಿ ಓಡುತ್ತಿದೆ ಅನ್ನುವುದು ಪುರಾವೆ ಅಲ್ಲ. ಸೈಟ್ ಚೆನ್ನಾಗಿ ಓಡಿದರೆ ತಾನೇ ನಿಮಗೆ ಸಂಶಯ ಬರದೆ ಇರುವುದು? ಡಬ್ಲ್ಯುಪಿ-ವಿಸಿಡಿ ಅನ್ನುವ ಮಾಲ್‌ವೇರ್ ಹರಡಿದ್ದೇ ಇಂಥ ಫ್ರೀ ಪ್ರೀಮಿಯಂ ಥೀಮ್, ಪ್ಲಗಿನ್‌ಗಳಿಂದ. ಥೀಮ್ ಹಾಕಿದ ಕೂಡಲೇ ಅದು ಡಬ್ಲ್ಯುಪಿ-ಇನ್‌ಕ್ಲೂಡ್ಸ್ ಫೋಲ್ಡರ್‌ನಲ್ಲಿ ತನ್ನದೊಂದು ಫೈಲ್ ಬರೆಯುತ್ತದೆ. ನಿಮ್ಮ ಬೇರೆ ಥೀಮ್‌ಗಳ ಫಂಕ್ಷನ್ಸ್ ಫೈಲ್‌ಗೂ ಸೇರಿಕೊಳ್ಳುತ್ತದೆ. ಒಂದೇ ಹೋಸ್ಟಿಂಗ್‌ನಲ್ಲಿ ನಾಲ್ಕು ಸೈಟ್ ಇದ್ದರೆ ನಾಲ್ಕಕ್ಕೂ ಹತ್ತುತ್ತದೆ. ಥೀಮ್ ಡಿಲೀಟ್ ಮಾಡಿದರೆ ಸರಿಹೋಗುವುದಿಲ್ಲ ಅನ್ನುವುದು ಇದಕ್ಕೇ.

ನಾನು ಕಣ್ಣಾರೆ ನೋಡಿದ ಒಂದು ಅಡಿಕೆ ವ್ಯಾಪಾರದ ಸೈಟ್ ಇದೆ. ಮಾಲೀಕರು ತೆರೆದಾಗ ಎಲ್ಲಾ ಸರಿ ಇತ್ತು. ಗೂಗಲ್‌ನಲ್ಲಿ ಹುಡುಕಿ ಬಂದ ಗಿರಾಕಿಗಳಿಗೆ ಮಾತ್ರ ಜೂಜಿನ ಜಾಹೀರಾತು. ಯಾರೋ ಹಳೆಯ ಗಿರಾಕಿ ಫೋನ್ ಮಾಡಿ ಬೈದ ಮೇಲೆ ಅವರಿಗೆ ಗೊತ್ತಾಯಿತು. ಕಟ್ಟಿಕೊಂಡ ಹೆಸರು ಹಾಗೆ ಹೋಗುವುದನ್ನು ನೋಡಲು ಹೊಟ್ಟೆ ಉರಿಯುತ್ತದೆ.

ಇನ್ನು ಐನೂರು ರೂಪಾಯಿಗೆ ಯಾವ ಥೀಮ್ ಬೇಕಾದರೂ ಹಾಕಿಕೊಡುತ್ತೇವೆ ಅನ್ನುವವರು ಇದ್ದಾರಲ್ಲ, ಅವರು ತರುವುದು ಎಲ್ಲಿಂದ ಅಂತ ಕೇಳಿ. ಜಿಪಿಎಲ್ ಲೈಸೆನ್ಸ್, ಹಂಚಬಹುದು ಅನ್ನುತ್ತಾರೆ. ಹಂಚಬಹುದು, ನಿಜ. ಆದರೆ ಯಾರ ಯಾರ ಕೈ ದಾಟಿ ಬಂತು, ದಾರಿಯಲ್ಲಿ ಏನು ಸೇರಿತು ಅನ್ನುವುದಕ್ಕೆ ಲೈಸೆನ್ಸ್ ಉತ್ತರ ಹೇಳುವುದಿಲ್ಲ. ದುಡ್ಡಿಲ್ಲದಿದ್ದರೆ ವರ್ಡ್‌ಪ್ರೆಸ್ ಡಾಟ್ ಆರ್ಗ್‌ನ ಉಚಿತ ಥೀಮ್ ಹಾಕಿ. ಅದರಲ್ಲಿ ನಾಚಿಕೆ ಏನಿಲ್ಲ. ಅಲ್ಲಿಗೆ ಬರುವ ಪ್ರತಿ ಥೀಮ್ ಅನ್ನೂ ಪರಿಶೀಲನೆ ಮಾಡಿಯೇ ಸೇರಿಸುತ್ತಾರೆ. ನಿಮ್ಮ ಈಗಿನ ಸೈಟ್ ಅನ್ನು ಗೊತ್ತಿರುವವರ ಕೈಲಿ ಪೂರ್ತಿ ತೊಳೆಸಿ, ಆಮೇಲೆ ಎಲ್ಲಾ ಪಾಸ್‌ವರ್ಡ್ ಬದಲಾಯಿಸಿ.

ಪ್ರಶ್ನೆ: ಡೆಮೋದಲ್ಲಿ ಇದ್ದ ಹಾಗೆ ನನ್ನ ಸೈಟ್ ಕಾಣುತ್ತಿಲ್ಲ.

ಡೆಮೋದಲ್ಲಿ ಇರುವ ಪುಟ, ಫೋಟೋ ಥೀಮ್ ಜೊತೆ ಬರುವುದಿಲ್ಲ, ಬೇರೆಯಾಗಿ ಇಂಪೋರ್ಟ್ ಮಾಡಬೇಕು. ಈಗಾಗಲೇ ಬರಹ ಇರುವ ಸೈಟ್‌ನಲ್ಲಿ ಮಾತ್ರ ಅದನ್ನು ಮಾಡಬೇಡಿ, ನಿಮ್ಮ ಪುಟಗಳ ನಡುವೆ ಅವರದ್ದು ಸೇರಿ ಗೋಜಲಾಗುತ್ತದೆ.

ಪ್ರಶ್ನೆ: ಹೊಸ ಥೀಮ್ ಹಾಕಿದ ಮೇಲೆ ಕಸ್ಟಮೈಸ್ ಅನ್ನುವುದೇ ಕಾಣುತ್ತಿಲ್ಲ.

ಅದು ಬ್ಲಾಕ್ ಥೀಮ್. 2022ರ ಜನವರಿಯ ವರ್ಡ್‌ಪ್ರೆಸ್ 5.9ರಿಂದ ಬಂದದ್ದು. ಅಪಿಯರೆನ್ಸ್‌ನಲ್ಲಿ ಎಡಿಟರ್ ಇದೆ, ಅಲ್ಲೇ ಎಲ್ಲಾ. ಮೇಲೆ ಬೇಡ ಅಂದ ಥೀಮ್ ಫೈಲ್ ಎಡಿಟರ್ ಅಲ್ಲ ಇದು.

ಪ್ರಶ್ನೆ: ವರ್ಡ್‌ಪ್ರೆಸ್ ಥೀಮ್ ಅನ್ನು ಡ್ರೀಮ್‌ವೀವರ್‌ನಲ್ಲಿ ತೆರೆದರೆ ಡಿಸೈನ್ ಕಾಣುವುದಿಲ್ಲ, ಯಾಕೆ?

ಪಿಎಚ್‌ಪಿ ಸರ್ವರ್‌ನಲ್ಲಿ ಓಡಿದ ಮೇಲೆ ತಾನೇ ಪುಟ ಆಗುವುದು. ಅಲ್ಲಿ ಹುಡುಕಬೇಡಿ.

ಪ್ರಶ್ನೆ: ಥೀಮ್ ಇಂಗ್ಲಿಷ್‌ನಲ್ಲಿ ಚೆಂದ. ಕನ್ನಡ ತಲೆಬರಹ ಹಾಕಿದರೆ ಒತ್ತಕ್ಷರಗಳ ಕೆಳಭಾಗ ಕತ್ತರಿಸಿದಂತೆ ಕಾಣುತ್ತದೆ. ಕನ್ನಡ ಫಾಂಟ್ ಸರಿ ಇಲ್ಲವಾ?

ಫಾಂಟ್‌ಗೆ ಬೈಯಬೇಡಿ. ಒಳ್ಳೆಯ ಪ್ರಶ್ನೆ ಇದು, ಇಂಥದ್ದು ಇನ್ನೂ ಜಾಸ್ತಿ ಬರಲಿ. ಥೀಮ್ ಬರೆದವರು ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಅಳತೆ ಮಾಡಿರುತ್ತಾರೆ. ದೊಡ್ಡ ತಲೆಬರಹಕ್ಕೆ ಲೈನ್-ಹೈಟ್, ಅಂದರೆ ಸಾಲಿನ ಎತ್ತರ, 1.1 ಅಂತ ಇಟ್ಟಿರುತ್ತಾರೆ. 'ಸ್ತ್ರೀ' ಅಂತ ಬರೆದು ನೋಡಿ. ಸಕಾರದ ಕೆಳಗೆ ತಕಾರದ ಒತ್ತು, ಅದರ ಜೊತೆ ರಕಾರದ ಒತ್ತು. ಇಷ್ಟಕ್ಕೂ 1.1 ಎಲ್ಲಿ ಸಾಕಾಗುತ್ತದೆ? ತಲೆಬರಹಕ್ಕೆ 1.5, ಉಳಿದ ಬರಹಕ್ಕೆ 1.8ರ ಹತ್ತಿರ ಇಡಿ. ಲೆಟರ್-ಸ್ಪೇಸಿಂಗ್, ಅಂದರೆ ಅಕ್ಷರಗಳ ನಡುವೆ ಅಂತರ, ಏನಾದರೂ ಕೊಟ್ಟಿದ್ದರೆ ನಾರ್ಮಲ್ ಮಾಡಿ. ಇವೆಲ್ಲ ಅಡಿಷನಲ್ ಸಿಎಸ್‌ಎಸ್‌ನಲ್ಲೇ ಆಗುತ್ತದೆ.

ಫಾಂಟ್ ಹೆಸರನ್ನೂ ನೀವೇ ಕೊಡಿ. ಥೀಮ್‌ನಲ್ಲಿ ಪಾಪಿನ್ಸ್ ಇದ್ದರೆ ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಆಗ ಬ್ರೌಸರ್ ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಒಂದು ರೂಪ, ಫೋನ್‌ನಲ್ಲಿ ಇನ್ನೊಂದು ರೂಪ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ 2, ಟಿರೋ ಕನ್ನಡ ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿವೆ. ಹಳ್ಳಿಯ ಸಹಕಾರಿ ಸಂಘದ ಸೈಟ್‌ಗಾದರೆ ನಾನು ನೋಟೋ ಹಾಕುತ್ತೇನೆ, ವಯಸ್ಸಾದವರಿಗೆ ಸಣ್ಣ ಗಾತ್ರದಲ್ಲೂ ಓದಲು ಬರುತ್ತದೆ.

ಪ್ರಶ್ನೆ: ಡಿಟಿಪಿಯವರು ಕೊಟ್ಟ ಹಳೆಯ ಫೈಲ್‌ನಿಂದ ಕನ್ನಡ ಕಾಪಿ ಮಾಡಿದರೆ ಸೈಟ್‌ನಲ್ಲಿ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತದೆ. ಥೀಮ್ ಬದಲಾಯಿಸಲಾ?

ಥೀಮ್ ಬೇಡ. ಆ ಬರಹ ಯೂನಿಕೋಡ್, ಅಂದರೆ ಎಲ್ಲಾ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ, ಅಲ್ಲ. ಮೊದಲು ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್ ಮಾಡಿ, ಆಮೇಲೆ ಅಂಟಿಸಿ. ಅರ್ಕಾವೊತ್ತು ಸರಿಯಾಗಿ ಬಂದಿದೆಯಾ ಅಂತ ಒಂದು ಸಲ ಪೂರ್ತಿ ಓದಿ ನೋಡಿ.