ಮಸೂದೆಯ ಖರ್ಚು ‘ತಕ್ಕದ್ದು’ವಿನಲ್ಲಿದೆ

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಜಿಲ್ಲೆಗೊಂದು ಪ್ರಾಧಿಕಾರ ರಚಿಸುವ ಮಸೂದೆಯೊಂದನ್ನು ಓದಿದೆ. ಕೊನೆಯಲ್ಲಿರುವ ಆರ್ಥಿಕ ಜ್ಞಾಪನ ಪತ್ರದಲ್ಲಿ ‘ಹೆಚ್ಚುವರಿ ವೆಚ್ಚವಿಲ್ಲ’ ಎಂದಿದೆ. ಕಚೇರಿ ತೆರೆದ ಮೇಲೆ ಖರ್ಚಾಗದೆ ಇರುತ್ತದೆಯೇ? ನಾವೇ ಲೆಕ್ಕ ಹಾಕಬಹುದೇ?

ಉತ್ತರ: ಹಾಕಬಹುದು, ಹಾಕಲೇಬೇಕು. ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ವೆಚ್ಚ ಬೇಡುವ ಮಸೂದೆಯನ್ನು ರಾಜ್ಯಪಾಲರ ಶಿಫಾರಸಿಲ್ಲದೆ ಸದನ ಅಂಗೀಕರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 207(3)ನೇ ವಿಧಿ. ಮತ ಹಾಕುವ ಮೊದಲು ಸದಸ್ಯರಿಗೆ ಖರ್ಚು ಕಾಣಲಿ ಎಂದೇ ಜ್ಞಾಪನ ಪತ್ರ ಇರುವುದು.

ಪೆನ್ಸಿಲ್ ಹಿಡಿದು ಮಸೂದೆಯ ಪ್ರತಿ ‘ತಕ್ಕದ್ದು’ವಿಗೂ ಗೆರೆ ಎಳೆಯಿರಿ. ‘ನೇಮಿಸತಕ್ಕದ್ದು’, ‘ಪರಿಶೀಲಿಸತಕ್ಕದ್ದು’, ‘ಮೂವತ್ತು ದಿನಗಳೊಳಗೆ ವಿಲೇವಾರಿ ಮಾಡತಕ್ಕದ್ದು’. ಮಾಡಬೇಕಾದವರು ಯಾರು ಎಂದು ಪಕ್ಕದಲ್ಲೇ ಬರೆಯಿರಿ: ಇಲಾಖೆಯೋ, ಪಂಚಾಯಿತಿಯೋ, ನ್ಯಾಯಾಲಯವೋ, ಖಾಸಗಿಯವರೋ. ‘ಮಾಡಬಹುದು’ ಎಂದಿರುವುದನ್ನು ಬೇರೆ ಪಟ್ಟಿಗೆ ಹಾಕಿ. ಅದು ಬರಬಹುದಾದ ಖರ್ಚೇ ಹೊರತು ಬಂದೇ ತೀರುವ ಖರ್ಚಲ್ಲ.

ಈಗ ನಿಮ್ಮ ಪ್ರಾಧಿಕಾರವನ್ನೇ ನೋಡೋಣ. ದರಗಳೆಲ್ಲ ಉದಾಹರಣೆಗೆ ಇಟ್ಟುಕೊಂಡವು. ಜಿಲ್ಲೆಗೆ ನಾಲ್ಕು ಹುದ್ದೆ, ಭತ್ಯೆ ಸೇರಿ ಸರಾಸರಿ ತಿಂಗಳ ಸಂಬಳ ₹60,000 ಎಂದರೆ ಒಂದು ಜಿಲ್ಲೆಗೆ ವರ್ಷಕ್ಕೆ ₹28.8 ಲಕ್ಷ; 31 ಜಿಲ್ಲೆಗೆ ₹8.93 ಕೋಟಿ. ಬಾಡಿಗೆ, ವಿದ್ಯುತ್, ವಾಹನಕ್ಕೆ ಜಿಲ್ಲೆಗೆ ತಿಂಗಳಿಗೆ ₹50,000 ಎಂದರೆ ವರ್ಷಕ್ಕೆ ಇನ್ನೂ ₹1.86 ಕೋಟಿ. ಪೀಠೋಪಕರಣ, ಕಂಪ್ಯೂಟರ್‌ಗೆ ಜಿಲ್ಲೆಗೆ ₹5 ಲಕ್ಷದಂತೆ ₹1.55 ಕೋಟಿ, ಇದು ಒಂದೇ ಸಲದ್ದು. ಆವರ್ತಕ (ವರ್ಷವರ್ಷವೂ ಬರುವ), ಅನಾವರ್ತಕ (ಒಂದೇ ಸಲದ) ಖರ್ಚು ಎರಡನ್ನೂ ಎಂದಿಗೂ ಕೂಡಿಸಿ ಒಂದೇ ಮೊತ್ತ ಹೇಳಬೇಡಿ. ಕಾಯ್ದೆ ಅಕ್ಟೋಬರ್‌ನಲ್ಲಿ ಜಾರಿಯಾದರೆ ಮೊದಲ ವರ್ಷ ಆರೇ ತಿಂಗಳ ಸಂಬಳ, ಅದರಲ್ಲೂ ಅರ್ಧ ಹುದ್ದೆ ಖಾಲಿ. ಆ ಸಣ್ಣ ಮೊತ್ತ ನೋಡಿ ಮೋಸ ಹೋಗುವವರೇ ಹೆಚ್ಚು. ಸಂಬಳ ವರ್ಷಕ್ಕೆ ಶೇ 8ರಷ್ಟು ಏರಿದರೂ ಮೂರನೇ ಪೂರ್ಣ ವರ್ಷಕ್ಕೆ ಅದೊಂದೇ ₹10.4 ಕೋಟಿ ದಾಟುತ್ತದೆ. ನೌಕರರ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಸರ್ಕಾರದ ವಂತಿಗೆ ಇನ್ನೂ ಸೇರಿಲ್ಲ.

ಹಾಲಿ ಅಧಿಕಾರಿಗೇ ಹೆಚ್ಚುವರಿ ಪ್ರಭಾರ ಕೊಡುವುದಾದರೆ ‘ವೆಚ್ಚವಿಲ್ಲ’ ಎಂಬ ಮಾತು ಕಾಗದದ ಮೇಲೆ ನಿಜ. ಆಗ ಗಂಟೆಗಳನ್ನು ಎಣಿಸಿ. ಒಂದು ಅರ್ಜಿಗೆ ಎರಡು ಗಂಟೆ, ತಿಂಗಳಿಗೆ 80 ಅರ್ಜಿ ಎಂದರೆ 160 ಗಂಟೆ: ಒಬ್ಬರ ಪೂರ್ತಿ ತಿಂಗಳ ಕೆಲಸ. ಆ ಒಬ್ಬರು ಎಲ್ಲಿಂದ ಬರುತ್ತಾರೆ?

ಹೆಚ್ಚು ಜನ ಎಡವುವುದು ಸರಾಸರಿಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ತಲಾ 61 ಮಕ್ಕಳಿರುವ ನೂರು ಶಾಲೆ ಇದ್ದರೆ ಒಟ್ಟು 6,100 ಮಕ್ಕಳು. 30ರಿಂದ ಭಾಗಿಸಿದರೆ 204 ಶಿಕ್ಷಕರು ಸಾಕೆನಿಸುತ್ತದೆ. ಕಾಯ್ದೆ ಕೇಳುವುದು 300. ಶಾಲೆವಾರು ಪಟ್ಟಿ ಸಿಗದೆ ಇಂಥ ಲೆಕ್ಕಕ್ಕೆ ಕೈ ಹಾಕಬೇಡಿ.

ನ್ಯಾಯಾಲಯದ ಖರ್ಚನ್ನಂತೂ ಯಾರೂ ಬರೆಯುವುದೇ ಇಲ್ಲ. ಚೆಕ್ ಬೌನ್ಸ್ ಅಪರಾಧವೆನ್ನುವ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ 1989ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 2008ರ ಹೊತ್ತಿಗೆ ದೇಶದಲ್ಲಿ ಇಂಥ 38 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಬಾಕಿ ಇವೆ ಎಂದು ಕಾನೂನು ಆಯೋಗ ವರದಿ ಮಾಡಿತು. ಹೊಸ ಕಾಯ್ದೆಯಿಂದ ನ್ಯಾಯಾಲಯಗಳ ಮೇಲೆ ಬೀಳುವ ಹೊರೆಯನ್ನೂ ಜ್ಞಾಪನ ಪತ್ರದಲ್ಲಿ ಅಂದಾಜಿಸಬೇಕೆಂಬ ಮಾತು 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್‌ನಿಂದ ಬಂದಿದೆ. ನಿಮ್ಮ ಮಸೂದೆಯಲ್ಲಿ ದಂಡ, ಸೆರೆವಾಸದ ಕಲಂ ಇದ್ದರೆ ಅಲ್ಲಿ ಬೆರಳಿಡಿ.

ನಿಮಗೆ ನೇರವಾಗಿ ತಾಗುವ ಮಾತೊಂದಿದೆ. 207(3) ಹೇಳುವುದು ಸಂಚಿತ ನಿಧಿಯನ್ನು ಮಾತ್ರ. ‘ಗ್ರಾಮ ಪಂಚಾಯಿತಿಯು ವಹಿ ಇಡತಕ್ಕದ್ದು, ಸಮೀಕ್ಷೆ ನಡೆಸತಕ್ಕದ್ದು’ ಎಂದಿದ್ದರೆ ಆ ಖರ್ಚು ನಿಮ್ಮ ಸ್ವಂತ ನಿಧಿಗೆ ಬಂದು ಬೀಳಬಹುದು. ಜ್ಞಾಪನ ಪತ್ರದಲ್ಲಿ ಅದರ ಸುಳಿವೂ ಇರಲಿಕ್ಕಿಲ್ಲ. ನಿಮ್ಮ ಪಿಡಿಒ ಜತೆ ಕುಳಿತು ದಿನಗೂಲಿ, ಮುದ್ರಣ, ಪ್ರಯಾಣ ಮೂರನ್ನೂ ಬರೆದು, ಮಸೂದೆ ಚರ್ಚೆಗೆ ಬರುವ ಮೊದಲೇ ನಿಮ್ಮ ಶಾಸಕರ ಕೈಗೆ ಕೊಡಿ.

ಪ್ರಶ್ನೆ: ತೆರಿಗೆ ವಿನಾಯಿತಿಯ ನಷ್ಟವೂ ಜ್ಞಾಪನ ಪತ್ರದಲ್ಲಿ ಬರುತ್ತದೆಯೇ?

ಉತ್ತರ: ಅದು ವೆಚ್ಚದ ಪತ್ರ, ವರಮಾನ ನಷ್ಟದ್ದಲ್ಲ. ಕಳೆದ ವರ್ಷದ ವಸೂಲಿಯಲ್ಲಿ ವಿನಾಯಿತಿ ಪಡೆಯುವವರ ಪಾಲನ್ನು ನೀವೇ ತೆಗೆಯಬೇಕು. ವಿನಾಯಿತಿಯ ಮಿತಿ ₹10 ಲಕ್ಷವೆಂದರೆ, ಈಗ ₹11 ಲಕ್ಷ ತೋರಿಸುತ್ತಿರುವವರಲ್ಲಿ ಕೆಲವರು ಮಿತಿಯೊಳಗೆ ಇಳಿಯುತ್ತಾರೆ. ಆದ್ದರಿಂದ ಒಂದೇ ಅಂಕಿ ಬೇಡ, ಕನಿಷ್ಠ ಗರಿಷ್ಠ ಎರಡನ್ನೂ ಕೊಡಿ.